ಹೆಸರಿಗಷ್ಟೇ ಮಂಜು

ಇವತ್ತು ಬೆಳಗ್ಗೆ ಏಳು ಗಂಟೆಗೆ ಒಂದು ಕೈಯಲ್ಲಿ ಕಸದ ಚೀಲ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಬ್ಯಾಗು ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗೆ ಡಬ್ಬಿಗಳ ಹತ್ತಿರ ಎರಡನೇ ಮಹಡಿಯ ಅಜ್ಜಿ ಕಾವಲು ನಿಂತಿದ್ದರು. ನನ್ನನ್ನು ನೋಡಿದ್ದೇ ತಡ, ಕಾಗದ ಹಾಕುವ ಕೆಂಪು ಮುಚ್ಚಳದ ಡಬ್ಬಿಯಿಂದ ಎಣ್ಣೆ ಹಿಡಿದ ಪಿಜ್ಜಾ ಪೆಟ್ಟಿಗೆಯೊಂದನ್ನು ಎರಡೇ ಬೆರಳಲ್ಲಿ ಎತ್ತಿ, "ಮಿಸ್ಟ್!" ಎಂದರು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಸಾರಿ, ನಿಮ್ಮನ್ನು ಕರೆದಿದ್ದಲ್ಲ" ಎಂದರು.

ಪಿಜ್ಜಾ ನನ್ನದಲ್ಲ. ನಿನ್ನೆ ರಾತ್ರಿ ನಾನು ತಿಂದಿದ್ದು ಮೊಸರನ್ನ. ಅದು ಹೋಗಲಿ. ಆ 'ಸಾರಿ' ಇದೆಯಲ್ಲ, ಎರಡು ವರ್ಷವಾಯಿತು, ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನಾನಿರುವುದು ವಿಯೆನ್ನಾದಲ್ಲಿ. ಮಿಸ್ಟ್ ಅಂದರೆ ಇಂಗ್ಲಿಷಿನಲ್ಲಿ ಮಂಜು ಅಲ್ವಾ? ಜರ್ಮನ್‌ನಲ್ಲಿ ಅದೇ ಅಕ್ಷರಗಳು ಸೇರಿದರೆ ಕೊಟ್ಟಿಗೆ ಗೊಬ್ಬರ. ಹುಲ್ಲು, ಸಗಣಿ, ಗಂಜಲ ಎಲ್ಲ ಸೇರಿ ಕೊಳೆತದ್ದು. ವಿಯೆನ್ನಾದವರಿಗೆ ಸಾದಾ ಕಸವೂ ಮಿಸ್ಟೇ. ಕಸದ ಡಬ್ಬಿ ಮಿಸ್ಟ್‌ಕ್ಯೂಬೆಲ್. ಯಾವ ಕಸ ಎಲ್ಲಿ ಹಾಕಬೇಕು ಅಂತ ಕೇಳಲು ಪಾಲಿಕೆಯವರು ಇಟ್ಟಿರುವ ಸಹಾಯವಾಣಿಯ ಹೆಸರು ಮಿಸ್ಟ್‌ಟೆಲಿಫೋನ್. ಕಸದ ಇಲಾಖೆ ಮಿಸ್ಟ್‌ಫೆಸ್ಟ್ ಅಂತ ಒಂದು ಜಾತ್ರೆಯನ್ನೂ ಮಾಡುತ್ತದೆ.

ಇವೆಲ್ಲ ಸಾಲದು ಅಂತ ಅದು ಬೈಗುಳವೂ ಹೌದು. 'ಥತ್, ಹಾಳಾಗ' ಅಂತೀವಲ್ಲ, ಆ ಮಟ್ಟದ್ದು. ಮಕ್ಕಳ ಮುಂದೆ ಅಂದರೂ ಯಾರೂ ಕಣ್ಣು ಬಿಡುವುದಿಲ್ಲ. ನಮ್ಮ ಅಜ್ಜಿಗಂತೂ ಅದು ರಾಮನಾಮ. ಮಂಡಿ ನೋವಾದರೆ ಮಿಸ್ಟ್. ಟ್ರಾಮ್ ತಪ್ಪಿದರೆ ಮಿಸ್ಟ್. ಟ್ರಾಮ್ ಸಿಕ್ಕಿ ಕೂರಲು ಜಾಗ ಸಿಗದಿದ್ದರೂ ಮಿಸ್ಟ್. ಬೀಗದ ಕೈ ಚೀಲದ ತಳದಲ್ಲಿದ್ದರೆ ಒಂದೊಂದು ಸಾಮಾನಿಗೆ ಒಂದೊಂದು ಮಿಸ್ಟ್: ಕನ್ನಡಕ, ಮಿಸ್ಟ್, ಕರವಸ್ತ್ರ, ಮಿಸ್ಟ್, ಮಾತ್ರೆ ಡಬ್ಬಿ, ಮಿಸ್ಟ್. ಕೊನೆಗೆ ಬೀಗದ ಕೈ ಸಿಕ್ಕಾಗಲೂ ಒಂದು, ಅಷ್ಟು ಹೊತ್ತು ಸಿಗದೇ ಇದ್ದಿದ್ದಕ್ಕೆ.

ಇಂಥವರ ಜೊತೆ ಒಂದು ಸಂಜೆ ಲಿಫ್ಟಿನಲ್ಲಿ ಸಿಕ್ಕಿಕೊಂಡೆ. ಮೂರನೇ ಮಹಡಿ ಹತ್ತಿರ ಅದು ನಿಂತುಬಿಟ್ಟಿತು. ಮೆಕ್ಯಾನಿಕ್ ಬರಲು ಅರ್ಧ ಗಂಟೆ. ಅಜ್ಜಿ ಹತ್ತು ಹನ್ನೆರಡು ಮಿಸ್ಟ್ ಮುಗಿಸಿ, ಬೇಜಾರಾಗಿ, ನನ್ನ ಕಡೆ ತಿರುಗಿದರು. ನಿಮ್ಮ ಹೆಸರೇನು? ಮಂಜು. ಚೆನ್ನಾಗಿದೆ, ಏನದರ ಅರ್ಥ?

ಬಂದು ಆಗಿನ್ನೂ ಮೂರು ವಾರ. ಜರ್ಮನ್ ಬರುತ್ತಿರಲಿಲ್ಲ. ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಹೇಳಿದೆ: "ಮಿಸ್ಟ್."

ಅಜ್ಜಿ ನನ್ನನ್ನೇ ನೋಡಿದರು. "ಮಿಸ್ಟ್?"

"ಹೌದು. ನಮ್ಮೂರಲ್ಲಿ ಜಾಸ್ತಿ. ಬೆಳಗ್ಗೆ ಎದ್ದರೆ ಮನೆ ಸುತ್ತ ಅದೇ."

"ಮನೆ ಸುತ್ತ?"

"ಒಂದೊಂದು ಸಲ ಕಿಟಕಿಯಿಂದ ಒಳಗೂ ಬರುತ್ತೆ. ಅದನ್ನು ನೋಡೋಕೆ ಅಂತಲೇ ಬೆಂಗಳೂರಿನಿಂದ ಜನ ದುಡ್ಡು ಕೊಟ್ಟು ಬರ್ತಾರೆ."

ಅಜ್ಜಿ ಮಾತಾಡಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಆ ತಟ್ಟುವಿಕೆಯಲ್ಲಿದ್ದ ಕರುಣೆ ಏನೆಂದು ನನಗೆ ತಿಳಿದದ್ದು ಜರ್ಮನ್ ಕ್ಲಾಸಿಗೆ ಸೇರಿದ ಮೇಲೆ.

ಆ ದಿನ ಮನೆಗೆ ಬಂದು ಈ ಪದದ ಜಾತಕ ಬಿಡಿಸಿದೆ. ಡಚ್ಚರಿಗೂ ಮಿಸ್ಟ್ ಎಂದರೆ ಮಂಜೇ. ಗೊಬ್ಬರಕ್ಕೆ ಅವರು ಮೆಸ್ಟ್ ಎನ್ನುತ್ತಾರೆ. ಒಂದೇ ಒಂದು ಸ್ವರ ಬದಲಿಸಿ ಮರ್ಯಾದೆ ಉಳಿಸಿಕೊಂಡ ಬುದ್ಧಿವಂತರು. ಭಾಷಾಶಾಸ್ತ್ರದವರು ಇವೆರಡಕ್ಕೂ ಬೇರೆ ಬೇರೆ ಬೇರು ತೋರಿಸುತ್ತಾರೆ. ಇಂಗ್ಲಿಷಿನ ಮಿಸ್ಟ್ ಸಂಸ್ಕೃತದ 'ಮೇಘ'ದ ನೆಂಟ. ಜರ್ಮನ್ನಿನ ಮಿಸ್ಟ್ 'ಮೇಹ'ದ ನೆಂಟ. ಮೇಹ ಅಂದರೆ ಮೂತ್ರ. ನಮ್ಮಪ್ಪನಿಗೆ ಇರುವ ಮಧುಮೇಹದ ಮೇಹ! ಒಬ್ಬ ಆಕಾಶದಿಂದ ಬಂದವನು, ಇನ್ನೊಬ್ಬ ಕೊಟ್ಟಿಗೆಯಿಂದ. ವೇಷ ಮಾತ್ರ ಒಂದೇ.

ರೋಲ್ಸ್ ರಾಯ್ಸ್‌ನವರು 1965ರಲ್ಲಿ ಬಿಟ್ಟ ಸಿಲ್ವರ್ ಶ್ಯಾಡೋ ಕಾರಿಗೆ ಮೊದಲು ಸಿಲ್ವರ್ ಮಿಸ್ಟ್ ಅಂತ ಹೆಸರಿಡಲು ಹೊರಟಿದ್ದರಂತೆ. ಜರ್ಮನರು ಬೆಳ್ಳಿ ಸಗಣಿ ಎಂದು ಓದಿಯಾರೆಂದು ಬಿಟ್ಟರಂತೆ. ಅವರಿಗೇನು, ಕಾರು ಆಗಿನ್ನೂ ಶೋರೂಮಿಗೆ ಬಂದಿರಲಿಲ್ಲ. ನನ್ನ ನಾಮಕರಣ ಆಗಿ ಮೂವತ್ತನಾಲ್ಕು ವರ್ಷ. ತಂಗಿ ಬೆಂಗಳೂರಿನಿಂದ ಕಳಿಸಿದ ಬಾಡಿ ಮಿಸ್ಟ್ ಬಾಟಲಿಯನ್ನಂತೂ, ಯಾರಾದರೂ ಮನೆಗೆ ಬಂದಾಗ ಗೋಡೆಗೆ ಮುಖ ಮಾಡಿ ಇಡುತ್ತೇನೆ.

ಆದರೆ ಸುಮ್ನೆ ಯೋಚಿಸಿದರೆ, ಲಿಫ್ಟಿನಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮೂಡಿಗೆರೆ ಹತ್ತಿರದ ನಮ್ಮ ಮನೆಯ ಹಿಂದೆ ಗೊಬ್ಬರದ ಗುಂಡಿ ಇತ್ತು. ಡಿಸೆಂಬರ್ ಬೆಳಗ್ಗೆ ಅಜ್ಜ ಬುಟ್ಟಿಯಲ್ಲಿ ಸಗಣಿ ತಂದು ಸುರಿದರೆ ಗುಂಡಿಯಿಂದ ಬಿಸಿ ಹಬೆ ಏಳುತ್ತಿತ್ತು. ಅದು ಮೇಲೇರಿ, ತೋಟದಿಂದ ಇಳಿದುಬಂದ ಮಂಜಿನ ಜೊತೆ ಬೆರೆತುಹೋಗುತ್ತಿತ್ತು. ಎಲ್ಲಿ ಇದು ಮುಗಿಯಿತು, ಎಲ್ಲಿ ಅದು ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಅಜ್ಜನ ಕೆಮ್ಮು ಮಾತ್ರ ಕೇಳುತ್ತಿತ್ತು. ಈಗ ದನಗಳಿಲ್ಲ, ಗುಂಡಿ ಮುಚ್ಚಿ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಕಳೆದ ವಾರ ಇನ್ನೊಂದು ವಿಷಯ ತಿಳಿಯಿತು. ಹೊಟ್ಟೆ ಉರಿದದ್ದು ಅದಕ್ಕೇ. ನಾನು ಮಂಜುನಾಥ. ಆ ಮಂಜು ಸಂಸ್ಕೃತದ್ದು, ಸುಂದರ ಅಂತ ಅರ್ಥ. ಮುಸುಕುವ ಮಂಜು ನಮ್ಮದೇ ದ್ರಾವಿಡ ಪದ, ತಮಿಳರ ಮಂಜು ಅಂದರೆ ಮೋಡ. ಎರಡಕ್ಕೂ ಸಂಬಂಧವೇ ಇಲ್ಲ! ಅಂದರೆ ಲಿಫ್ಟಿನಲ್ಲಿ ನಾನು ಕೊಟ್ಟ ಉತ್ತರ ಕನ್ನಡದಲ್ಲೇ ತಪ್ಪಾಗಿತ್ತು.

ಇವತ್ತು ಆ 'ಸಾರಿ' ಕೇಳಿದ ಮೇಲೆ ತಡೆಯಲಾಗಲಿಲ್ಲ. ಅಲ್ಲೇ ನಿಂತು, ಹರಕು ಜರ್ಮನ್‌ನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ನನ್ನ ಹೆಸರಿನ ನಿಜವಾದ ಅರ್ಥ ಸುಂದರ.

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಬಾಚದ ತಲೆಯಿಂದ ಶುರುಮಾಡಿ, ಕಸದ ಚೀಲದಿಂದ ನನ್ನ ಶೂ ಮೇಲೆ ತೊಟ್ಟಿಕ್ಕುತ್ತಿದ್ದ ಕಾಫಿ ಚರಟದ ನೀರಿನವರೆಗೆ ನಿಧಾನಕ್ಕೆ ನೋಡಿದರು.

"ಇಲ್ಲ," ಎಂದರು, "ಮೊದಲಿನದೇ ಇರಲಿ."