ವಾಸನೆ ಇರುವುದೆಲ್ಲ ಪೆಟ್ಟಿಗೆಗೆ

ಕಾಡಿನಲ್ಲಿ ಟೆಂಟ್ ಹಾಕಲು ಬರುವ ಅಮೆರಿಕದವರ ಸಾಮಾನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಐಸ್ ತುಂಬಿದ ಡಬ್ಬ, ಮಡಚುವ ಕುರ್ಚಿ, ಒಂದು ನಾಯಿ. ಮುಗೀತು. ನಮ್ಮ ಕಾರಿನಲ್ಲಿ ಕುಕ್ಕರ್ ಇತ್ತು, ಒಗ್ಗರಣೆ ಡಬ್ಬಿ ಇತ್ತು, ತುಮಕೂರಿನಿಂದ ಬಂದಿದ್ದ ಅಪ್ಪ ಅಮ್ಮ ಇದ್ದರು. "ಹೋಟೆಲ್ ಇರುವಾಗ ಕಾಡಲ್ಲಿ ಯಾಕೋ ಮಲಗಬೇಕು?" ಅನ್ನುವ ಅಮ್ಮನ ಪ್ರಶ್ನೆಯೂ ಕ್ಯಾಲಿಫೋರ್ನಿಯಾದ ನಮ್ಮೂರು ಫ್ರೀಮಾಂಟ್‌ನಿಂದಲೇ ಜೊತೆಗೆ ಹೊರಟಿತ್ತು.

ಯೊಸೆಮಿಟಿ ನ್ಯಾಷನಲ್ ಪಾರ್ಕ್ ದಾಟಿ ಟಯೋಗಾ ಪಾಸ್ ಅನ್ನುವ ಘಾಟಿ ಹತ್ತುವಾಗ ಹಿಂದಿನಿಂದ ಢಬ್ ಅಂತ ಸದ್ದು. "ಟೈರ್ ಹೋಯ್ತು, ಸೈಡಿಗೆ ಹಾಕು" ಅಂದರು ಅಪ್ಪ. ಇಳಿದು ನೋಡಿದರೆ ನಾಲ್ಕೂ ಟೈರ್ ಗಟ್ಟಿಯಾಗಿವೆ. ಸಿಡಿದದ್ದು ಖಾರದ ಪ್ಯಾಕೆಟ್. ಹತ್ತಿರ ಹತ್ತಿರ 10,000 ಅಡಿ ಎತ್ತರ. ಹೊರಗೆ ಗಾಳಿಯ ಒತ್ತಡ ಇಳಿದಂತೆ ಪ್ಯಾಕೆಟ್ಟಿನ ಒಳಗಿನ ಗಾಳಿ ಹಿಗ್ಗಿ ಹಿಗ್ಗಿ ಬಾಯಿ ಬಿಟ್ಟಿದೆ. ಓಂಪುಡಿ, ಕಡಲೆಬೀಜ, ಕರಿಬೇವು ಸೀಟಿನ ಸಂದಿಗೊಂದಿಗೆಲ್ಲ ಹೋಗಿ ಕೂತಿದ್ದವು.

ಊರಿಗೆ ಹೋಗಿ ಗುಡಿಸಿದರಾಯಿತು ಅನ್ನುವ ಹಾಗಿರಲಿಲ್ಲ. ನಾವು ಹೊರಟಿದ್ದು ಮ್ಯಾಮತ್ ಲೇಕ್ಸ್ ಕಡೆಗೆ. ಸಿಯೆರಾ ನೆವಾಡ ಬೆಟ್ಟಸಾಲಿನ ಪೂರ್ವಕ್ಕೆ, ಇನ್ಯೋ ನ್ಯಾಷನಲ್ ಫಾರೆಸ್ಟ್ ಒಳಗೆ, ಟ್ವಿನ್ ಲೇಕ್ಸ್, ಲೇಕ್ ಮೇರಿ, ಲೇಕ್ ಜಾರ್ಜ್ ಅಂತ ಸಾಲು ಸಾಲು ಕೆರೆಗಳು. ಅಲ್ಲಿನ ಕಪ್ಪು ಕರಡಿಗಳಿಗೆ ಕಾರಿನ ಬಾಗಿಲು ಕೀಳುವ ವಿದ್ಯೆ ಗೊತ್ತು. ಒಂದು ಚೂರು ತಿಂಡಿಯ ವಾಸನೆ ಸಾಕು. ಹಾಗಾಗಿ ಆವತ್ತು ಸಂಜೆ ಎಲ್ಲರೂ ಲೇಕ್ ಮೇರಿಯ ದಡದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ನಾನು ಮತ್ತು ಹೆಂಡತಿ ಟಾರ್ಚ್ ಹಿಡಿದು ಸೀಟಿನ ಕೆಳಗೆ ತಲೆ ತೂರಿಸಿ ಓಂಪುಡಿ ಹೆಕ್ಕುತ್ತಿದ್ದೆವು.

ನಮಗೆ ಸಿಕ್ಕಿದ್ದು ಟಾಯ್ಲೆಟ್ ಪಕ್ಕದ ಜಾಗ. ಬೇಸಿಗೆಯ ಬುಕಿಂಗ್ ಆರು ತಿಂಗಳ ಮುಂಚೆ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ, ಕೆರೆ ಕಾಣುವ ಜಾಗಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಅಮ್ಮನಿಗೆ ಮಾತ್ರ ಈ ಜಾಗವೇ ಇಷ್ಟವಾಯಿತು. ದುಡ್ಡಿಲ್ಲದೆಯೂ ಮಲಗಬಹುದು ಅಂತ ಬಾಯಿತಪ್ಪಿ ಹೇಳಿದೆ. ಕೆರೆಗಳಿಂದ ದೂರ, ಕಾಡಿನ ಮಣ್ಣು ರಸ್ತೆಗಳ ಕಡೆ ಹೋದರೆ ಎಷ್ಟೋ ಕಡೆ ಬಾಡಿಗೆ ಇಲ್ಲ. ಅಪ್ಪನ ಕಿವಿ ನೆಟ್ಟಗಾಯಿತು. "ಫ್ರೀನಾ? ಮತ್ತೆ ಯಾಕೆ ಇಲ್ಲಿ?" ಅಲ್ಲಿ ಟಾಯ್ಲೆಟ್ ಇರಲ್ಲ ಅಪ್ಪಾ, ನೀರಿನಿಂದ 200 ಅಡಿ ದೂರ ಹೋಗಿ, ಆರೆಂಟು ಇಂಚು ಗುಂಡಿ ತೋಡಿ, ಕೂತೆದ್ದು ಮುಚ್ಚಬೇಕು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮೂರಲ್ಲಿ ಇದನ್ನ ಬಿಡಿಸೋಕೆ ಸರ್ಕಾರ ಎಷ್ಟು ಖರ್ಚು ಮಾಡ್ತು ಗೊತ್ತಾ?" (ಅಂದಹಾಗೆ ಈ ನ್ಯಾಷನಲ್ ಫಾರೆಸ್ಟ್‌ಗಳು ಇಲ್ಲಿ ಕೃಷಿ ಇಲಾಖೆಯ ಕೈಕೆಳಗೆ ಬರುತ್ತವೆ. ಇದನ್ನು ರಿಟೈರ್ಡ್ ಸರ್ಕಾರಿ ನೌಕರನಿಗೆ ಹೇಳಬೇಡಿ. ಊಟದ ತನಕ ಅದೇ ಮಾತಾಗುತ್ತದೆ.)

ಆಮೇಲೆ ಬಂತು ಕರಡಿ ಪೆಟ್ಟಿಗೆ. ಪ್ರತಿ ಟೆಂಟಿನ ಜಾಗಕ್ಕೂ ಒಂದೊಂದು ದಪ್ಪ ಸ್ಟೀಲ್ ಪೆಟ್ಟಿಗೆ ಇಟ್ಟಿರುತ್ತಾರೆ. ಊಟ ತಿಂಡಿ ಅಷ್ಟೇ ಅಲ್ಲ, ವಾಸನೆ ಇರುವುದೆಲ್ಲ ಅದರೊಳಗೆ ಹೋಗಬೇಕು. ಟೂತ್‌ಪೇಸ್ಟ್, ಸೋಪು, ಕ್ರೀಮು. ಅಮೆರಿಕದವರಿಗೆ ಇದು ಎರಡು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ವಾಸನೆ ಇಲ್ಲದ ವಸ್ತು ಯಾವುದು ಹೇಳಿ? ಇಂಗು ಹೋಯಿತು, ಉಪ್ಪಿನಕಾಯಿ ಹೋಯಿತು. ಮೈಸೂರ್ ಸ್ಯಾಂಡಲ್ ಸೋಪು, ಕೊಬ್ಬರಿ ಎಣ್ಣೆ, ಊದಿನಕಡ್ಡಿ ಹೋದವು. ಅಮ್ಮ ಅಮೃತಾಂಜನದ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು "ಇದನ್ನ ಯಾವ ಕರಡಿ ತಿನ್ನುತ್ತೋ?" ಅಂದರು. ಅದೂ ಹೋಯಿತು.

ನಡುರಾತ್ರಿ ಆ ಎತ್ತರಕ್ಕೆ ಅಮ್ಮನಿಗೆ ತಲೆನೋವು ಶುರು. ಜುಲೈ ತಿಂಗಳಾದರೂ ಚಳಿಗೆ ಹಲ್ಲು ಕಟಕಟ. ಪೆಟ್ಟಿಗೆಯ ಚಿಲಕ ಒಂದು ಕಬ್ಬಿಣದ ಮುಚ್ಚಳದ ಹಿಂದೆ ಅಡಗಿರುತ್ತದೆ, ಕರಡಿಯ ಪಂಜ ತೂರದಿರಲಿ ಅಂತ. ಬೆರಳು ಒಳಗೆ ಹಾಕಿ ಮೇಲಕ್ಕೆ ಒತ್ತಬೇಕು. ಮರಗಟ್ಟಿದ ಬೆರಳಿಗೆ ಅದು ಸಿಗುತ್ತಿಲ್ಲ. ಅಪ್ಪ ಟೆಂಟಿನಿಂದ ತಲೆ ಹೊರಗೆ ಹಾಕಿ, "ಕರಡಿಗೆ ಮಾಡಿದ್ದು ಸರಿ, ನಿನಗೂ ಸೇರಿಸಿ ಮಾಡಿದ್ದಾರೆ" ಅಂದರು. ಕೊನೆಗೆ ತೆಗೆದಾಗ ಕತ್ತಲಲ್ಲಿ ಕೈಗೆ ಬಂದದ್ದು ಇಂಗಿನ ಡಬ್ಬಿ.

ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದರು. ಹಿಂದಿನ ರಾತ್ರಿ ಹೆಂಡತಿ ಪಾತ್ರೆಯಲ್ಲಿ ಇಟ್ಟ ಅನ್ನ ಎಷ್ಟು ಹೊತ್ತು ಕುದಿಸಿದರೂ ನಡುವೆ ಗಟ್ಟಿಯೇ ಇತ್ತು. ಸುಮಾರು 8,900 ಅಡಿ ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಜಾಸ್ತಿ ಬಿಸಿಯಾಗಲ್ಲ. ಅಕ್ಕಿ ಬೇಯುವುದು ನಿಧಾನ, ಬೇಳೆಯಂತೂ ಬಿಡಿ. "ಕುಕ್ಕರ್ ಯಾಕೆ ತಂದೆ ಅಂತ ನಗ್ತಿದ್ರಲ್ಲ" ಅಂತ ಅಮ್ಮ ಪೊಂಗಲ್‌ಗೆ ಇಟ್ಟೇ ಬಿಟ್ಟರು. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಐದೂವರೆಗೆ ಮೊದಲ ವಿಷಲ್ ಬೆಟ್ಟಕ್ಕೆ ಬಡಿದು ವಾಪಸ್ ಬಂತು. ನಾಯಿಗಳೆಲ್ಲ ಬೊಗಳಿದವು. ಎರಡನೆಯದಕ್ಕೆ ಪಕ್ಕದ ಟೆಂಟಿನ ಗಂಡಸು ಚಡ್ಡಿಯಲ್ಲೇ ಹೊರಗೆ ಬಂದು ಬಾಣಲೆ ಬಡಿಯತೊಡಗಿದ. ಕರಡಿ ಬಂತು ಅಂತ ಯಾರೋ ಸೀಟಿ ಊದುತ್ತಿದ್ದಾರೆ ಅಂದುಕೊಂಡಿದ್ದ ಪಾಪ.

ಕ್ಯಾಂಪ್ ನೋಡಿಕೊಳ್ಳುವ ಅಜ್ಜ ಟಾರ್ಚ್ ಹಿಡಿದು ಬಂದರು. ಕುಕ್ಕರನ್ನು ಸುತ್ತು ಹಾಕಿ ನೋಡಿದರು. "ಕರಡಿ ಬಂದರೆ ಜೋರಾಗಿ ಸದ್ದು ಮಾಡಿ ಅಂತ ನಾವೇ ಹೇಳುತ್ತೇವೆ. ಆದರೆ ಬಂದ ಮೇಲೆ ಮಾಡಿ" ಅಂದರು, ಬಹಳ ಮರ್ಯಾದೆಯಿಂದ.

"ಏನಂತೆ?" ಅಂತ ಕೇಳಿದರು ಅಮ್ಮ.

"ಸದ್ದು ಮಾಡಬಾರದಂತೆ."

"ಎರಡೇ ಆಗಿರೋದು. ಬೇಳೆ ಬೇಯಬೇಕಾದ್ರೆ ಇನ್ನೂ ಮೂರು ಬೇಕು ಅಂತ ಹೇಳು ಅವರಿಗೆ."