ಸೋಲೋ ಆಲ್ಬಮ್ಮೂ ಅಲಸಂಡೆ ಸಾಲೂ

2023ರ ನವೆಂಬರ್ ಕೊನೆ. ಕಾಸರಗೋಡಿನ ಬದಿಯಡ್ಕದಿಂದ ಆಚೆಗಿರುವ ಅಕ್ಕನ ಮನೆಗೆ ಹೋದರೆ ಅಂಗಳದಲ್ಲಿ ಅಡಿಕೆ, ಜಗಲಿಯಲ್ಲಿ ಜಾತ್ರೆ. ಜಾತ್ರೆಯ ನಡುವೆ ಒಂದು ಪೆಟ್ಟಿಗೆ. ಕೊರಿಯಾದಿಂದ ಬಂದದ್ದಂತೆ. ಅಕ್ಕನ ಮಗಳು ಪೀಶಕತ್ತಿ ಹಿಡಿದು ಸೂಲಗಿತ್ತಿಯ ಜಾಗ್ರತೆಯಲ್ಲಿ ಅದರ ಟೇಪು ಕೊಯ್ಯುತ್ತಿದ್ದಳು. ಬಿಚ್ಚುವುದನ್ನು ವೀಡಿಯೊ ಮಾಡಬೇಕಂತೆ, ಇಲ್ಲದಿದ್ದರೆ ಬಿಚ್ಚಿದ ಲೆಕ್ಕಕ್ಕೇ ಸೇರುವುದಿಲ್ಲವಂತೆ. ಮೊಬೈಲು ಹಿಡಿಯುವ ಪಾತ್ರ ನನ್ನ ಪಾಲಿಗೆ ಬಂತು.

ಒಳಗಿನಿಂದ ದಪ್ಪ ಪುಸ್ತಕವೊಂದು ಹೊರಬಂತು. ಪುಟಪುಟಕ್ಕೂ ಒಬ್ಬನೇ ಹುಡುಗ. ನಿಂತವ, ಕೂತವ, ಕೂದಲು ಹಾರಿಸಿದವ, ಯಾರ ಮೇಲೋ ಮುನಿಸಿಕೊಂಡವ. ಅಕ್ಕನ ಅತ್ತೆ ಕನ್ನಡಕ ಏರಿಸಿಕೊಂಡು ಕೊನೆಯ ಪುಟದವರೆಗೂ ನೋಡಿದರು.

“ಯಾರ ಮದುವೆದ್ದು?”

“ಮದುವೆದ್ದಲ್ಲ ಅಜ್ಜಿ, ಆಲ್ಬಮ್.”

“ಅದೇ. ಮದುಮಗ ಒಬ್ಬನೇ ಉಂಟಲ್ಲ, ಹುಡುಗಿ ಎಲ್ಲಿ? ದಿಬ್ಬಣದವರೂ ಇಲ್ಲ.”

“ಇದು ಸೋಲೋ ಅಜ್ಜಿ.”

“ಸೋತದ್ದಾ? ಪಾಪ,” ಎಂದು ಅಜ್ಜಿ ಪುಸ್ತಕ ಮಡಚಿದರು.

ಸೋತದ್ದಲ್ಲ. ಹುಡುಗನ ಹೆಸರು ಜಂಗ್‌ಕುಕ್. ಬುಸಾನ್ ಊರಿನವ, 1997ರಲ್ಲಿ ಹುಟ್ಟಿದವ, ಬಿಟಿಎಸ್ ಎಂಬ ಏಳು ಹುಡುಗರ ಮೇಳದಲ್ಲಿ ಎಲ್ಲರಿಗಿಂತ ಕಿರಿಯ. 2022ರ ಜೂನ್‌ನಲ್ಲಿ ಏಳೂ ಮಂದಿ ಊಟದ ಮೇಜಿನ ಸುತ್ತ ಕೂತು, ಇನ್ನು ಸ್ವಲ್ಪ ಕಾಲ ಒಬ್ಬೊಬ್ಬರೇ ಹಾಡುತ್ತೇವೆ ಎಂದು ಸಾರಿದ್ದರು. ಅದರ ಫಲಗಳಲ್ಲಿ ಒಂದು ಈ ‘ಗೋಲ್ಡನ್’. ಬಿಡುಗಡೆಯಾದದ್ದು ನವೆಂಬರ್ 3ಕ್ಕೆ. ಅಂದರೆ ನಾವು ಕಾಸರಗೋಡಿನವರು ನವೆಂಬರ್ 1ರಂದು ರಾಜ್ಯೋತ್ಸವವೂ ನಮ್ಮದೇ, ಕೇರಳದ ಹುಟ್ಟುಹಬ್ಬವಾದ ಕೇರಳಪ್ಪಿರವಿಯೂ ನಮ್ಮದೇ ಎಂದು ಎರಡೂ ಕಡೆಯ ಪಾಯಸ ಉಂಡು, ಭಾಷೆಯ ಮೇಲೆ ಭಾಷಣ ಬಿಗಿದು, ಬಿದ್ದ ಗಂಟಲಿಗೆ ಕಷಾಯ ಕುಡಿಯುತ್ತಿದ್ದ ಹೊತ್ತು. ಅತ್ತ ಮೊದಲ ವಾರದಲ್ಲೇ 24 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಹಾಡುಗಳೆಲ್ಲ ಇಂಗ್ಲಿಷ್. ಕೊರಿಯದ ಹುಡುಗನ ಚೊಚ್ಚಲ ಆಲ್ಬಮ್ಮಿನಲ್ಲಿ ಕೊರಿಯನ್ ಹಾಡು ಒಂದೂ ಇಲ್ಲ. ಇತ್ತ ಅವನಿಗೋಸ್ಕರ ನಮ್ಮ ಹುಡುಗಿ ಯೂಟ್ಯೂಬ್ ನೋಡಿ ಕೊರಿಯನ್ ಅಕ್ಷರಮಾಲೆ ಕಲಿತು ಕೂತಿದ್ದಾಳೆ. ಅವನು ಅಲ್ಲಿಂದ ಹೊರಟ, ಇವಳು ಇಲ್ಲಿಂದ ಹೊರಟಳು, ದಾರಿಯಲ್ಲಿ ಎದುರಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಕನ್ನಡದ ಒತ್ತಕ್ಷರ ಎದುರಾದರೆ ಮಾತ್ರ ಅವಳು ನಿಲ್ಲುತ್ತಾಳೆ: “ಮಾವಾ, ಇದು ಎಂತ?”

ಹನ್ನೊಂದು ಹಾಡು ಅಂತ ಲೆಕ್ಕ. ಕೂತು ಕೇಳಿದರೆ ಹತ್ತೇ. ಒಂದನ್ನು ಎರಡು ಸಲ ಹಾಕಿದ್ದಾರೆ. ಮೊದಲಿನದರಲ್ಲಿ ಪೋಲಿ ಮಾತು ಉಂಟು, ಕೊನೆಯದರಲ್ಲಿ ಅದನ್ನು ತೊಳೆದು ಮಡಿ ಮಾಡಿದ್ದಾರೆ. ನಮ್ಮ ಮನೆಗಳಲ್ಲೂ ನೀರುಳ್ಳಿ ಹಾಕಿದ ಸಾಂಬಾರು, ಹಾಕದ ಸಾಂಬಾರು ಅಂತ ಉಂಟು. ಎರಡನ್ನೂ ಎಣಿಸಿ ಎರಡು ಪದಾರ್ಥ ಬಡಿಸಿದೆ ಎಂದರೆ ನೆಂಟರು ಬಿಡುತ್ತಾರೆಯೆ? ಇನ್ನು ‘ಸೋಲೋ’ ಎಂಬ ಮಾತು. ಹಾಡು ಹೊಸೆದವರಲ್ಲಿ ಇಂಗ್ಲೆಂಡಿನ ಎಡ್ ಶೀರನ್ ಇದ್ದಾನೆ, ಕೆನಡಾದ ಶಾನ್ ಮೆಂಡಿಸ್ ಇದ್ದಾನೆ. ನಡುವೆ ಬಂದು ನಾಲ್ಕು ಸಾಲು ಹೇಳಿಹೋಗಲು ಅಮೆರಿಕದ ಜ್ಯಾಕ್ ಹಾರ್ಲೊ, ಲ್ಯಾಟೊ ಇದ್ದಾರೆ. ಇಷ್ಟು ಜನ ನಮ್ಮೂರಿನ ಗದ್ದೆಗೆ ಬಂದು ಚೌಕಿಯಲ್ಲಿ ಕೂತರೆ ಬೆಳಗಿನವರೆಗೆ ಯಕ್ಷಗಾನದ ಆಟ ಆಡಿಸಬಹುದು.

ಬೇರೆಯವರ ಪದ ಹಾಡಿದ್ದಕ್ಕೆ ನಾನು ಹುಡುಗನನ್ನು ದೂರುವವನಲ್ಲ. ಕುಂಬಳೆಯ ಪಾರ್ತಿಸುಬ್ಬನ ಪದ ಹೇಳಿಯೇ ನಮ್ಮ ತೆಂಕುತಿಟ್ಟಿನ ಭಾಗವತರು ಹೆಸರು ಮಾಡಿದ್ದು. ಕಂಠವೂ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಚೆಂಡೆ ಮದ್ದಳೆಯವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ‘ಇದು ನನ್ನೊಬ್ಬನ ಆಟ’ ಎಂದು ಯಾವ ಭಾಗವತರೂ ಚೀಟಿ ಹಂಚಿದ್ದು ನಾನು ನೋಡಿಲ್ಲ.

ಇದು ಕೊರಿಯಾಕ್ಕೆ ಮಾತ್ರ ಬಂದ ರೋಗವಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಟೀವಿ ಸ್ಪರ್ಧೆಯೊಂದು ಐದು ಹುಡುಗರನ್ನು ಗಂಟು ಹಾಕಿತು. ವನ್ ಡೈರೆಕ್ಷನ್ ಎಂದು ಹೆಸರಾಯಿತು. ಜೇನ್ ಮಲಿಕ್ 2015ರ ಮಾರ್ಚ್ 25ಕ್ಕೆ ಮೇಳ ಬಿಟ್ಟ. 2016ರ ಮಾರ್ಚ್ 25ಕ್ಕೆ ಅವನದೇ ಆಲ್ಬಮ್ ಬಂತು. ನಮ್ಮಲ್ಲಿ ವರ್ಷಾಂತಿಕವನ್ನು ಕೂಡ ಇಷ್ಟು ಕರಾರುವಾಕ್ಕಾಗಿ ಮಾಡುವುದಿಲ್ಲ, ತಿಥಿ ಹಿಂದೆ ಮುಂದೆ ಆಗುತ್ತದೆ. ಉಳಿದ ನಾಲ್ವರು ‘ಸ್ವಲ್ಪ ವಿರಾಮ’ ಎಂದರು. ಆ ವಿರಾಮದೊಳಗೇ 2017ರಲ್ಲಿ ಇಬ್ಬರದ್ದು, 2019ರಲ್ಲಿ ಒಬ್ಬನದ್ದು, 2020ರಲ್ಲಿ ಇನ್ನೊಬ್ಬನದ್ದು ಚೊಚ್ಚಲ ಆಲ್ಬಮ್. ಒಂದೇ ದಿಕ್ಕು ಅಂತ ಹೆಸರಿಟ್ಟುಕೊಂಡವರು ಐದು ದಿಕ್ಕಾದರು. ದಿಕ್ಕು ಇರುವುದು ನಾಲ್ಕೇ ಎನ್ನುವುದು ಬೇರೆ ಮಾತು.

ಅಷ್ಟರಲ್ಲಿ ಜಗಲಿಯಲ್ಲಿ ಅಳು ಶುರುವಾಗಿತ್ತು. ಪೆಟ್ಟಿಗೆಯಲ್ಲಿ ಒಂದು ಕಾರ್ಡು ಸಿಕ್ಕಿದೆ, ಕಿಸೆಗೆ ಹಿಡಿಯುವಷ್ಟರದ್ದು, ಹುಡುಗನ ಫೋಟೊ. ಆದರೆ ಬೇಕಾದ ಫೋಟೊ ಅಲ್ಲ! ಬೇಕಾದದ್ದರಲ್ಲಿ ಅವನು ಎಡಕ್ಕೆ ನೋಡುತ್ತಾನಂತೆ, ಇದರಲ್ಲಿ ನೇರ ನೋಡುತ್ತಾನೆ. ವಿಷಯ ತಿಳಿಯಲು ನನಗೆ ಅರ್ಧ ಗಂಟೆ ಬೇಕಾಯಿತು. ಒಂದೇ ಆಲ್ಬಮ್ಮಿಗೆ ಮೂರು ಬಗೆಯ ಪೆಟ್ಟಿಗೆ; ಒಳಗಿನ ಹಾಡು ಅವೇ. ಯಾವ ಪೆಟ್ಟಿಗೆಯಲ್ಲಿ ಯಾವ ಕಾರ್ಡು ಅಂತ ಹೊರಗಿನಿಂದ ಗೊತ್ತಾಗದು. ಬೇಕಾದದ್ದು ಸಿಗುವವರೆಗೆ ಕೊಳ್ಳುತ್ತ ಹೋಗುವುದು, ಬೇಡದ್ದನ್ನು ಗೆಳತಿಯರ ಜೊತೆ ಅದಲುಬದಲು ಮಾಡುವುದು. ನಾವು ಚಿಕ್ಕಂದಿನಲ್ಲಿ ಕ್ರಿಕೆಟಿಗರ ಚಿತ್ರಕ್ಕಾಗಿ ಬಬಲ್ ಗಮ್ ತಿಂದದ್ದೂ ಹೀಗೆಯೇ. ಆದರೆ ಗಮ್ಮನ್ನು ನಾವು ಅಗಿಯುತ್ತಿದ್ದೆವು. ಈ ಪೆಟ್ಟಿಗೆಯ ಸೀಡಿಯನ್ನು ಏನು ಮಾಡುವುದು? ಮನೆಯಲ್ಲಿ ಸೀಡಿ ಹಾಕುವ ಯಂತ್ರವೇ ಇಲ್ಲ. ಹಾಡನ್ನು ಅವಳು ಮೊಬೈಲಿನಲ್ಲಿ ಕೇಳುತ್ತಾಳೆ, ಅದೂ ಪುಕ್ಕಟೆ.

ಬೆಲೆ 2,000ಕ್ಕೆ ಮೇಲೆ ಎಂದು ಕೇಳಿ ಭಾವ ಕೆರಳಿದರು. “ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಹಾಕುವುದಾ? ಅದೃಷ್ಟ ಇದ್ದರೆ ಸಿಕ್ಕೀತು ಅಂತ? ಇದಕ್ಕಿಂತ ದೊಡ್ಡ ಮೋಸ ಉಂಟಾ?” ಎಂದು ಎದ್ದು ನಿಂತರು. ನಿಂತ ರಭಸಕ್ಕೆ ಅಂಗಿಯ ಕಿಸೆಯಿಂದ ಮೂರು ಲಾಟರಿ ಟಿಕೇಟು ಕೆಳಗೆ ಬಿತ್ತು. ಕೇರಳ ಸರಕಾರ ಲಾಟರಿ ಇಲಾಖೆ ತೆರೆದದ್ದು 1967ರಲ್ಲಿ. ಚಂದ್ರಗಿರಿ ಹೊಳೆಯ ಬಡಗು ದಡ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ವರದಿ ಹೇಳಿದ್ದೂ ಅದೇ ವರ್ಷ. ಎರಡರಲ್ಲಿ ಲಾಟರಿಯಾದರೂ ಯಾರಿಗಾದರೂ ಹೊಡೆಯುತ್ತದೆ ಎಂಬುದು ಭಾವನ ವಾದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಗುವ ಯೋಗ್ಯತೆ ನನಗೂ ಇಲ್ಲವೆನ್ನಿ. ನಾನೂ ಒಂದು ಮೇಳದಲ್ಲಿದ್ದೆ. ಗಡಿನಾಡಿನ ಏಳು ಜನ ಕವಿಗಳು ಸೇರಿ ಸಂಯುಕ್ತ ಸಂಕಲನ ತಂದಿದ್ದೆವು. ಏಳೂ ಮಂದಿಯ ಕವನದಲ್ಲಿ ಚಂದ್ರಗಿರಿ ಹರಿಯಿತು. ಪುಸ್ತಕ ಒದ್ದೆಯಾಗದೆ ಉಳಿದದ್ದು ಪುಣ್ಯ. ವರ್ಷ ಕಳೆಯುವಷ್ಟರಲ್ಲಿ, ರಕ್ಷಾಪುಟದ ಫೋಟೊದಲ್ಲಿ ಯಾರು ನಡುವೆ ನಿಂತದ್ದು ಎಂಬ ಒಂದೇ ವಿಷಯಕ್ಕೆ ಏಳೂ ಮಂದಿ ಬೇರೆಯಾಗಿ ಏಳು ಏಕವ್ಯಕ್ತಿ ಸಂಕಲನ ತಂದೆವು. ಒಬ್ಬನ ಬಿಡುಗಡೆಗೆ ಉಳಿದ ಆರು ಜನ ಹೋಗಿ ಶಾಲು ಹೊದೆಸಿ, ಒಂದೊಂದು ಪ್ರತಿ ಕೊಂಡು, ಓದದೆ ಬಂದೆವು. ನನ್ನದು 500 ಪ್ರತಿ. ಅಟ್ಟದಲ್ಲಿ 430 ಇವೆ. ಖರ್ಚಾದ ಎಪ್ಪತ್ತರಲ್ಲಿ ಅಕ್ಕ ಕೊಂಡದ್ದೇ ಇಪ್ಪತ್ತು. ಮನೆಯ ಗೃಹಪ್ರವೇಶಕ್ಕೆ ಬಂದವರಿಗೆ ತೆಂಗಿನಕಾಯಿಯ ಜೊತೆ ಕೊಟ್ಟಳು. ತೆಂಗಿನಕಾಯಿಯನ್ನು ಯಾರೂ ಬಿಟ್ಟುಹೋಗಲಿಲ್ಲ.

ಹಾಗಾಗಿ ಸಂಘದ ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದೆ: ಇನ್ನು ಸಂಕಲನದ ಒಳಗೆ ಕವಿಯ ಫೋಟೊ ಕಾರ್ಡು ಇಡೋಣ. ಪೆನ್ನು ಕಚ್ಚಿದ ಫೋಟೊ, ಗಲ್ಲಕ್ಕೆ ಕೈಕೊಟ್ಟ ಫೋಟೊ, ಸಮುದ್ರ ನೋಡುವ ಫೋಟೊ. ಯಾವುದರಲ್ಲಿ ಯಾವುದು ಅಂತ ಹೇಳುವುದು ಬೇಡ. ಸಭೆ ಗಂಭೀರವಾಗಿ ಕೇಳಿತು. ಹಿರಿಯ ಕವಿಯೊಬ್ಬರು ಮಾತ್ರ ಮೆಲ್ಲಗೆ, “ನನ್ನ ಫೋಟೊ ಬೇಡ ಅಂತ ಯಾರಾದರೂ ಅದಲುಬದಲು ಮಾಡಿದರೆ?” ಎಂದು ಕೇಳಿದರು. ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು. ಕವನ ಓದುವರೇ ಎಂಬ ಅನುಮಾನ ಮಾತ್ರ ಯಾರಿಗೂ ಬರಲಿಲ್ಲ.

ಡಿಸೆಂಬರಿನಲ್ಲಿ ಹುಡುಗ ಕಡ್ಡಾಯ ಸೇನಾ ಸೇವೆಗೆ ಹೋದ. ನಮ್ಮ ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ದುಃಖದ ನಡುವೆ ಅಕ್ಕ ಒಂದು ಕೆಲಸ ಮಾಡಿದಳು. ಮೇಜಿನ ಮೇಲೆ ಬಿದ್ದಿದ್ದ ಸೀಡಿಗೆ ಬಾಳೆನಾರು ಕಟ್ಟಿ ಹಿತ್ತಿಲಿನ ಅಲಸಂಡೆ ಸಾಲಿನಲ್ಲಿ ತೂಗಹಾಕಿದಳು. ಬಿಸಿಲಿಗೆ ಅದು ಫಳಫಳ ಹೊಳೆದು, ದಿನಾ ಬೆಳಿಗ್ಗೆ ಬಂದು ಚಿಗುರು ಕುಕ್ಕುತ್ತಿದ್ದ ನವಿಲು ಬೇಲಿಯಾಚೆಗೇ ನಿಂತಿತು. ಬುಸಾನಿನ ಹುಡುಗ ಬದಿಯಡ್ಕದ ತರಕಾರಿ ಕಾದ.

ಆಮೇಲೊಮ್ಮೆ ಹೋದಾಗ ಸಾಲು ಮೂರಾಗಿತ್ತು, ಸೀಡಿ ಒಂದೇ.

“ಇನ್ನೆರಡು ತರಿಸು ಮಗಾ,” ಎಂದಳು ಅಕ್ಕ.

“ಹೊಸದು ಈಗ ಬರುವುದಿಲ್ಲಮ್ಮ. ಅವ ಸೇನೆಯಲ್ಲಿ ಇದ್ದಾನೆ, ಬರುವಾಗ 2025 ಆಗ್ತದೆ.”

“ಅಷ್ಟರವರೆಗೆ ನವಿಲು ಕಾಯ್ತದಾ?” ಅಕ್ಕ ಅಲಸಂಡೆ ಬಳ್ಳಿ ಎತ್ತಿ ಕಟ್ಟುತ್ತ ಸ್ವಲ್ಪ ಯೋಚಿಸಿದಳು. “ಮೇಳದಲ್ಲಿ ಏಳು ಜನ ಅಂತ ಹೇಳಿದ್ದೆಯಲ್ಲ, ಉಳಿದ ಆರು ಮಂದಿ ಎಂತ ಮಾಡ್ತಾರೆ?”