ಭಟ್ಟಿ ಮುಂದೆ ಕಲಿತವರಿಗೂ ಒಂದು ಪರೀಕ್ಷೆ ಇರಲಿ

ಜರ್ಮನಿಯಲ್ಲಿ ಬ್ರೆಡ್ ಮಾಡುವುದನ್ನು ಕಲಿಯಲು 3 ವರ್ಷ ಬೇಕು. ಊರಿನವರಿಗೆ ಇದನ್ನು ಹೇಳಿದರೆ ಯಾರೂ ಅಷ್ಟಾಗಿ ಬೆರಗಾಗುವುದಿಲ್ಲ. ಅದೇ ಬ್ರೆಡ್ಡನ್ನು ಕೌಂಟರಿನಲ್ಲಿ ನಿಂತು ಮಾರುವುದಕ್ಕೂ 3 ವರ್ಷದ ತರಬೇತಿ ಇದೆ ಅಂದಾಗ ಮಾತ್ರ ಫೋನಿನ ಆ ಕಡೆ ನಗು. ‘ಚಿಲ್ಲರೆ ಎಣಿಸೋದನ್ನ 3 ವರ್ಷ ಕಲೀತಾರಾ?’ ಸ್ಟುಟ್‌ಗಾರ್ಟ್‌ನಲ್ಲಿ ಇಷ್ಟು ಕಾಲ ಇದ್ದರೂ ಅದು ಸ್ವಲ್ಪ ಅತಿಯೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಬೇಕರಿ ಕೆಲಸಕ್ಕೆ ಇಲ್ಲಿನವರು ಕಟ್ಟಿಕೊಂಡ ಏರ್ಪಾಡು ನಗುವಂಥದ್ದಲ್ಲ.

ಶಾಲೆ ಮುಗಿಸಿದ ಹುಡುಗನೋ ಹುಡುಗಿಯೋ ಮೊದಲು ಒಂದು ಬೇಕರಿಯ ಜೊತೆ ಕರಾರು ಮಾಡಿಕೊಳ್ಳಬೇಕು. ಆ ಕರಾರು ಕಸುಬುದಾರರ ಮಂಡಳಿಯಲ್ಲಿ ದಾಖಲಾಗುತ್ತದೆ. ವಾರದಲ್ಲಿ ಮೂರು ನಾಲ್ಕು ದಿನ ಭಟ್ಟಿ ಮುಂದೆ, ಉಳಿದ ದಿನ ಕಸುಬಿನ ಶಾಲೆಯಲ್ಲಿ. ಶಾಲೆಯಲ್ಲಿ ಹೇಳಿಕೊಡುವುದು ಹಿಟ್ಟಿನ ಗುಣ, ಹುಳಿ ಬರುವ ಬಗೆ, ಶುಚಿಯ ಕಾನೂನು, ಒಂದು ಬನ್ನಿಗೆ ಎಷ್ಟು ಖರ್ಚು ಬೀಳುತ್ತದೆ ಅನ್ನುವ ಲೆಕ್ಕ. ಏನೇನು ಕಲಿತೆ ಅಂತ ಕಲಿಯುವವರು ತಪ್ಪದೆ ಪುಸ್ತಕದಲ್ಲಿ ಬರೆಯಬೇಕು, ಕಲಿಸುವವರು ಸಹಿ ಹಾಕಬೇಕು. ಕಲಿಕೆಗೆ ಸಂಬಂಧವಿಲ್ಲದ ಕೆಲಸ ಹೇಳಕೂಡದು ಅಂತ ಕಾನೂನಿದೆ. ಹಾಗಂತ ಇಲ್ಲಿನ ಹುಡುಗರು ಕಸ ಗುಡಿಸುವುದೇ ಇಲ್ಲ ಅಂತಲ್ಲ! ಆದರೆ ಮೂರು ತಿಂಗಳು ಬರೀ ಟ್ರೇ ತೊಳೆಸಿದರೆ ದೂರು ಕೊಡಲು ಒಂದು ಜಾಗ ಇದೆ. ಹೊತ್ತಿಗೂ ಲೆಕ್ಕ ಇದೆ. 18 ತುಂಬದವರನ್ನು ಬೆಳಗ್ಗೆ 6ಕ್ಕೆ ಮುಂಚೆ ಕೆಲಸಕ್ಕೆ ಕರೆಯುವಂತಿಲ್ಲ. ಬೇಕರಿಗೆ ಇದು ಸ್ವಲ್ಪ ಸಡಿಲ: 16 ದಾಟಿದವರು 5ಕ್ಕೆ, 17 ದಾಟಿದವರು 4ಕ್ಕೆ ಬರಬಹುದು.

2020ರಿಂದ ಕಲಿಯುವವರಿಗೆ ಕನಿಷ್ಠ ಸಂಬಳವನ್ನೂ ಕಾನೂನು ಮಾಡಿ ಕಟ್ಟಿದ್ದಾರೆ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೋ. ಅದರಲ್ಲಿ ಒಂದು ರೂಮಿನ ಬಾಡಿಗೆ ಕಟ್ಟುವುದೂ ಕಷ್ಟ, ಅದು ಬೇರೆ ಮಾತು. 2022ರಲ್ಲಿ ಅಡುಗೆಯವರ, ಹೋಟೆಲಿನವರ ಪಠ್ಯಗಳನ್ನು ಒಟ್ಟಿಗೆ ತಿದ್ದಿದರು. 2 ವರ್ಷದ ಅಡುಗೆಮನೆ ಸಹಾಯಕರ ತರಬೇತಿ ಹೊಸದಾಗಿ ಬಂತು. ಓದಿನಲ್ಲಿ ಹಿಂದಿದ್ದರೂ ಕೈ ಚುರುಕಿರುವವರಿಗೆ ಅದು ಒಳ್ಳೆಯ ದಾರಿ. ಅಡುಗೆಯವರಾಗಲು ಕಲಿಯುವವರು ಬೇಕಾದರೆ ಸಸ್ಯಾಹಾರದ ಅಡುಗೆಯಲ್ಲಿ ಹೆಚ್ಚಿನ ತರಬೇತಿಯನ್ನೂ ಪಡೆಯಬಹುದು. ಅದಕ್ಕೆ ನಮ್ಮ ಉಡುಪಿ ಕಡೆಯ ಅಡಿಗೆ ಭಟ್ಟರನ್ನು ಪರೀಕ್ಷಕರಾಗಿ ಕರೆಸಬೇಕಿತ್ತು ಅಂತ ನಾನು ತಮಾಷೆ ಮಾಡುವುದುಂಟು.

ನಮ್ಮಲ್ಲಿ ಕಲಿಸುವವರಿಗೆ ಎಂದೂ ಕೊರತೆ ಇರಲಿಲ್ಲ, ಅಲ್ವಾ? ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಅಡುಗೆಮನೆ ಹೊಕ್ಕು, ಕೊನೆಗೆ ತನ್ನದೇ ಗಲ್ಲಾದಲ್ಲಿ ಕೂತವರು ಮುಂಬೈಯಲ್ಲಿ ಎಷ್ಟು ಜನ! ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವವರಿಗೆಂದೇ ಮುಂಬೈ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ದುಡಿಮೆಯನ್ನೂ ಓದನ್ನೂ ಜೋಡಿಸುವುದು ನಮಗೆ ಹೊಸದೇನಲ್ಲ. ಆದರೆ ಅಲ್ಲಿ ಓದಿದ್ದು ಮೆಟ್ರಿಕ್ ಪಾಸಾಗಲು, ಹೋಟೆಲು ಬಿಟ್ಟು ಬ್ಯಾಂಕಿನದೋ ಆಫೀಸಿನದೋ ಕೆಲಸ ಹಿಡಿಯಲು. ಜರ್ಮನಿಯ ಶಾಲೆ ಅಡುಗೆಮನೆಯ ಕೆಲಸವನ್ನೇ ಪಾಠ ಮಾಡಿಕೊಂಡಿದೆ. ನಮ್ಮ ಶಾಲೆ ಅಲ್ಲಿಂದ ಹೊರಗೆ ಹೋಗುವ ಬಾಗಿಲಾಗಿತ್ತು. ಆ ಹುಡುಗರನ್ನು ನಾನು ದೂರುತ್ತಿಲ್ಲ. ಎಳೆಯ ವಯಸ್ಸಿಗೇ ಮನೆ ಬಿಟ್ಟು ಬಂದು ಲೋಟ ತೊಳೆದವರಿಗೆ ಹೊರಗೆ ಹೋಗುವ ಬಾಗಿಲೇ ಬೇಕಿತ್ತು. 14ರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವಂತಿಲ್ಲ ಅಂತ ಸರ್ಕಾರ ಹೇಳಿದ್ದೇ 2006ರಲ್ಲಿ.

ಹಾಸನದ ಕಡೆಯವರ ಅಯ್ಯಂಗಾರ್ ಬೇಕರಿಗಳದ್ದೂ ಇದೇ ಕತೆ. ಮಾವನ ಅಂಗಡಿಯಲ್ಲಿ ಕಲಿತ ಹುಡುಗ ಇನ್ನೊಂದು ಬಡಾವಣೆಯಲ್ಲಿ ಅಂಗಡಿ ತೆರೆದ. ಖಾರಾ ಬನ್, ದಿಲ್ ಪಸಂದ್, ಹನಿ ಕೇಕ್ ಎಲ್ಲ ಹಾಗೇ ಊರೂರಿಗೆ ಹಬ್ಬಿದವು. ನೆಂಟರಾದವರಿಗೆ ಇದು ಬಹಳ ಒಳ್ಳೆಯ ಏರ್ಪಾಡು. ನೆಂಟನಲ್ಲದವನು ಹತ್ತು ವರ್ಷ ಹಿಟ್ಟು ನಾದಿದರೂ ಮಾಲೀಕ ಹೇಳುವ ಒಂದು ಒಳ್ಳೆ ಮಾತು ಬಿಟ್ಟರೆ ಅವನ ಕೈಯಲ್ಲಿ ಏನೂ ಇರುವುದಿಲ್ಲ. ಊರು ಬದಲಿಸಿದರೆ ಆ ಮಾತೂ ಇಲ್ಲ.

ಭಾರತದಲ್ಲಿ ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವವರ ಕಾನೂನು 1961ರಿಂದಲೇ ಇದೆ. 2019ರ ತಿದ್ದುಪಡಿಯ ಪ್ರಕಾರ 30 ಜನಕ್ಕಿಂತ ಕಡಿಮೆ ಇಲ್ಲದ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನ ಇದ್ದರೆ ಅವರವರ ಇಷ್ಟ. ಆಗ ಸ್ಟೈಪೆಂಡನ್ನು ತಿಂಗಳಿಗೆ 5,000ದಿಂದ 9,000 ರೂಪಾಯಿ ಅಂತ ಗೊತ್ತು ಮಾಡಿದರು. ಅದರ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರ ಕೊಡುತ್ತದೆ. ಬಿಸ್ಕೆಟ್ ಫ್ಯಾಕ್ಟರಿಗೋ ದೊಡ್ಡ ಹೋಟೆಲಿಗೋ ಇದು ಸರಿ. ಆದರೆ ದರ್ಶಿನಿಯ ಮಾಲೀಕ ಸರ್ಕಾರದ ಪೋರ್ಟಲ್ಲಿನಲ್ಲಿ ಹೆಸರು ಬರೆಸಿ, ಕರಾರು ಹಾಕಿ, ಲೆಕ್ಕ ಕೊಡುತ್ತಾನಾ? ಬೆಳಗ್ಗೆ ಐದಕ್ಕೆ ಇಡ್ಲಿ ಇಡಬೇಕಾದವನಿಗೆ ಅಷ್ಟು ಪುರುಸೊತ್ತೆಲ್ಲಿ.

ಜರ್ಮನಿಯದನ್ನು ಇಡಿಯಾಗಿ ತಂದು ಇಡಿ ಅಂತ ನಾನು ಹೇಳುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ಮೈಸ್ಟರ್ ಅನ್ನುವ ಮೇಲಿನ ಪರೀಕ್ಷೆ ಪಾಸಾಗದೆ ಸ್ವಂತ ಬೇಕರಿ ನಡೆಸುವುದು ಕಷ್ಟ. ಒಳಗಿರುವವರಿಗೆ ಅದೊಂದು ಬೇಲಿಯೂ ಹೌದು. ಬಿಯರ್ ಮಾಡುವವರಿಗೆ ಆ ಕಟ್ಟಳೆಯನ್ನು 2004ರಲ್ಲೇ ತೆಗೆದುಹಾಕಿದರು. ಬಿಯರ್ ಕೆಟ್ಟಿತು ಅಂತ ಇಲ್ಲಿ ಯಾರೂ ಗೊಣಗಿದ್ದನ್ನು ನಾನು ಕೇಳಿಲ್ಲ! ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ಇಲ್ಲಿನ ಹುಡುಗರು ಈ ಕಸುಬುಗಳಿಗೆ ಸಾಕಷ್ಟು ಬರುತ್ತಿಲ್ಲ. 2022ರಲ್ಲಿ ದಕ್ಷಿಣದ ಲೋರಾಖ್ ಕಡೆಯ ಮಾಂಸದಂಗಡಿಗಳು ಭಾರತದಿಂದಲೇ ಹುಡುಗ ಹುಡುಗಿಯರನ್ನು ಅಪ್ರೆಂಟಿಸ್ ಆಗಿ ಕರೆಸಿಕೊಂಡವು.

ನಮಗೆ ಮೈಸ್ಟರ್ ಬೇಡ, ಪರೀಕ್ಷೆ ಬೇಕು. ಅದನ್ನು ಸರ್ಕಾರವೊಂದೇ ನಡೆಸುವುದೂ ಬೇಡ. ಇಲ್ಲಿ ಕಲಿಕೆಯ ಕೊನೆಗೆ ನಡೆಯುವ ಪರೀಕ್ಷೆಯಲ್ಲಿ ಪರೀಕ್ಷಕರ ಸಾಲಿನಲ್ಲಿ ಮಾಲೀಕರು, ಕೆಲಸಗಾರರು, ಶಾಲೆಯ ಮೇಷ್ಟ್ರು ಮೂವರೂ ಇರುತ್ತಾರೆ. ಬೆಂಗಳೂರಿನಲ್ಲಿ ಹೋಟೆಲ್ ಮಾಲೀಕರ ಸಂಘ ಇದೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿ ಇದೆ, ಮೈಸೂರಿನಲ್ಲಿ 1950ರಿಂದ ಆಹಾರ ಸಂಶೋಧನೆಯ ಕೇಂದ್ರ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ದೋಸೆ ಹುಯ್ಯುವವನ ಕೈ, ಸಾಂಬಾರಿನ ಹದ, ಶುಚಿ, ದಾಸ್ತಾನಿನ ಲೆಕ್ಕ, ಇಷ್ಟನ್ನು ನೋಡಿ ಒಂದು ಕಾಗದ ಕೊಡಲು ಇವರೆಲ್ಲ ಸೇರಿದರೆ ಸಾಕು. ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಕೇಂದ್ರದ ಯೋಜನೆಯೊಂದಿದೆ. ಆದರೆ ಅದು ಮುಖ್ಯವಾಗಿ ಇದ್ದದ್ದಕ್ಕೆ ಮುದ್ರೆ ಒತ್ತುತ್ತದೆ, ಗೊತ್ತಿಲ್ಲದ್ದನ್ನು ಹೆಚ್ಚೇನೂ ಕಲಿಸುವುದಿಲ್ಲ.

ಪಾಠಕ್ಕೆ ಹೊತ್ತೆಲ್ಲಿ ಅಂತ ಮಾಲೀಕರು ಕೇಳಿಯೇ ಕೇಳುತ್ತಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ತನಕ ಎಷ್ಟೋ ಹೋಟೆಲುಗಳಲ್ಲಿ ಹುಡುಗರು ಸುಮ್ನೆ ಬೆಂಚಿನ ಮೇಲೆ ಮಲಗಿರುತ್ತಾರೆ. ವಾರಕ್ಕೆ ಎರಡು ದಿನ ಆ ಎರಡು ಗಂಟೆ ಕೊಡಲಿ, ಆ ಹೊತ್ತಿಗೂ ಸಂಬಳ ಹಿಡಿಯದಿರಲಿ.